ಟೆಕ್ಸಸ್ ಶಾಲೆಗಳ ಗೋಡೆಗೆ ದಶಾಜ್ಞೆ: "ಹಾಗಿದ್ರೆ ನಮ್ಮ ಗಣಪತಿಯನ್ನೂ ಹಾಕಿ" ಅಂತ ಕೇಳೋದು ಸರಿಯೇ?

ಪಾರಿಜಾತ_ಪ್ಲೇನೋ (2025ರ ಸೆಪ್ಟೆಂಬರ್ 20):

ಟೆಕ್ಸಸ್‌ನ ಸೆನೆಟ್ ಬಿಲ್ 10 ಈ ತಿಂಗಳ 1ನೇ ತಾರೀಖಿನಿಂದ ಜಾರಿಗೆ ಬಂದಿದೆ. ಸರ್ಕಾರಿ ಶಾಲೆಯ ಪ್ರತಿ ಕ್ಲಾಸ್‌ರೂಮಿನಲ್ಲೂ ಬೈಬಲ್ಲಿನ ದಶಾಜ್ಞೆಗಳ ಪೋಸ್ಟರ್ ಇರಬೇಕಂತೆ. ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಮೂರು ಪಂಗಡ ಆಗಿದೆ. "ಕದಿಯಬೇಡ, ತಂದೆತಾಯಿಯನ್ನು ಗೌರವಿಸು ಅನ್ನೋದು ಒಳ್ಳೇ ಮಾತೇ ತಾನೆ, ಬಿಡಿ" ಅನ್ನೋರು ಕೆಲವರು. "ಹಾಗಿದ್ರೆ ಪಕ್ಕದಲ್ಲೇ ಗೀತೆಯ ಶ್ಲೋಕ, ಗಣಪತಿ ಪಟ ಹಾಕಿ ಅಂತ ಅರ್ಜಿ ಕೊಡೋಣ" ಅನ್ನೋರು ಕೆಲವರು. "ಚರ್ಚು ಬೇರೆ, ಸರ್ಕಾರ ಬೇರೆ ಅಂತ ಸಂವಿಧಾನದಲ್ಲೇ ಬರೆದಿದೆ, ಕೋರ್ಟಿಗೆ ಹೋಗೋಣ" ಅನ್ನೋರು ಉಳಿದವರು. ಈ ಮೂರರಲ್ಲಿ ಕಾನೂನಿನ ಮುಂದೆ ನಿಲ್ಲೋದು ಯಾವುದು? ತಿಳಿದವರು ವಿವರವಾಗಿ ಹೇಳಿ. ಪಕ್ಷ ರಾಜಕೀಯ ದಯವಿಟ್ಟು ಬೇಡ.

ಕಟ್ಟೆ_ವಕೀಲ:

ಮೊದಲು ಕಾನೂನಿನಲ್ಲಿ ಏನಿದೆ ಅಂತ ನೋಡೋಣ, ಗುಂಪುಗಳಲ್ಲಿ ಹರಿದಾಡುತ್ತಿರುವುದರಲ್ಲಿ ಅರ್ಧ ತಪ್ಪು. ಪೋಸ್ಟರ್ ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರ ಇರಬೇಕು. ಬಾಳಿಕೆ ಬರುವ ಪೋಸ್ಟರ್ ಆಗಬಹುದು, ಕಟ್ಟು ಹಾಕಿಸಿದ ಪ್ರತಿಯೂ ಆಗಬಹುದು. ಎದ್ದು ಕಾಣುವ ಜಾಗದಲ್ಲಿರಬೇಕು. ಸಾಧಾರಣ ಕಣ್ಣಿನ ಶಕ್ತಿ ಇರುವವರಿಗೆ ಕೋಣೆಯ ಯಾವ ಮೂಲೆಯಿಂದಲೂ ಓದಲು ಬರುವಷ್ಟು ದೊಡ್ಡ ಅಕ್ಷರ ಬೇಕು. ಕಾನೂನಿನಲ್ಲೇ ಪದಪದವಾಗಿ ಕೊಟ್ಟಿರುವ ಪಠ್ಯ ಮಾತ್ರ ಇರಬೇಕು, ಇನ್ನೇನನ್ನೂ ಸೇರಿಸುವಂತಿಲ್ಲ. ಯಾರಾದರೂ ದಾನವಾಗಿ ತಂದುಕೊಟ್ಟರೆ ಶಾಲೆ ಒಲ್ಲೆ ಅನ್ನುವಂತಿಲ್ಲ. ಶಾಲೆಯ ಹಣದಲ್ಲಿ ಕೊಳ್ಳಬಹುದು, ಆದರೆ ಕೊಳ್ಳಲೇಬೇಕೆಂಬ ಕಡ್ಡಾಯ ಇಲ್ಲ. ಕೇಸು ಬಿದ್ದರೆ ಖರ್ಚು ರಾಜ್ಯದ್ದು.

ಈಗಿನ ಸ್ಥಿತಿ: ಆಗಸ್ಟ್ 20ರಂದು ಸ್ಯಾನ್ ಆಂಟೋನಿಯೋದ ಫೆಡರಲ್ ನ್ಯಾಯಾಧೀಶ ಫ್ರೆಡ್ ಬಿಯರಿ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿದ್ದಾರೆ. ಅದು ಪ್ರತಿವಾದಿಗಳಾಗಿದ್ದ 11 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ, ಅಂದರೆ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿಗಳಿಗೆ, ಸಂಬಂಧಿಸಿದ್ದು. ಪ್ಲೇನೋ, ಆಸ್ಟಿನ್, ಹ್ಯೂಸ್ಟನ್, ಫೋರ್ಟ್ ಬೆಂಡ್, ಸೈಪ್ರೆಸ್-ಫೇರ್‌ಬ್ಯಾಂಕ್ಸ್ ಅದರಲ್ಲಿವೆ. ಉಳಿದ ಡಿಸ್ಟ್ರಿಕ್ಟ್‌ಗಳು ಕಾನೂನು ಪಾಲಿಸಬೇಕು ಅಂತ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಸೂಚನೆ ಕೊಟ್ಟಿದ್ದಾರೆ. ಅಂದ್ರೆ ರಸ್ತೆಯ ಈಚೆ ಶಾಲೆಯಲ್ಲಿ ಪೋಸ್ಟರ್ ಇಲ್ಲ, ಆಚೆ ಶಾಲೆಯಲ್ಲಿ ಇದೆ.

ಹೇಮಾವತಿ_ತೀರ:

ಮೂರನೇ ಪಂಗಡಕ್ಕೆ ಒಂದು ತಿದ್ದುಪಡಿ. "ಚರ್ಚು ಬೇರೆ ಸರ್ಕಾರ ಬೇರೆ" ಅನ್ನುವ ಪದಗಳು ಅಮೆರಿಕದ ಸಂವಿಧಾನದಲ್ಲಿ ಎಲ್ಲೂ ಇಲ್ಲ. 1791ರ ಮೊದಲ ತಿದ್ದುಪಡಿಯಲ್ಲಿ ಇರುವುದು ಎರಡು ಮಾತು: ಸರ್ಕಾರ ಧರ್ಮವನ್ನು ಸ್ಥಾಪಿಸುವ ಕಾನೂನು ಮಾಡಬಾರದು, ಧರ್ಮಾಚರಣೆಯನ್ನು ತಡೆಯಲೂ ಬಾರದು. "ಬೇರ್ಪಡಿಸುವ ಗೋಡೆ" ಅನ್ನುವ ಹೋಲಿಕೆ 1802ರ ಜನವರಿ 1ರಂದು ಜೆಫರ್ಸನ್ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದ್ದು. ಅದನ್ನು ಸುಪ್ರೀಂ ಕೋರ್ಟು ಎತ್ತಿಕೊಂಡು ರಾಜ್ಯಗಳಿಗೂ ಬಿಗಿಯಾಗಿ ಅನ್ವಯಿಸಿದ್ದು 1947ರ ಎವರ್‌ಸನ್ ಪ್ರಕರಣದಲ್ಲಿ. ಅಲ್ಲೂ ನೋಡಿ, ಗೋಡೆ ಎತ್ತರವಾಗಿರಬೇಕು ಅಂತ ಹೇಳಿ, ಕ್ಯಾಥೊಲಿಕ್ ಶಾಲೆಗೆ ಹೋಗುವ ಮಕ್ಕಳ ಬಸ್ ಚಾರ್ಜನ್ನು ನ್ಯೂಜೆರ್ಸಿಯ ಪಟ್ಟಣ ಕೊಟ್ಟಿದ್ದು ಸರಿ ಅಂತ 5-4ರಲ್ಲಿ ತೀರ್ಪು ಕೊಟ್ಟರು. ಗೋಡೆಯಲ್ಲಿ ಮೊದಲ ದಿನದಿಂದಲೂ ಕಿಟಕಿ ಇದೆ.

ಮಂಡ್ಯದ_ಮಾತು:

ಅಷ್ಟೆಲ್ಲ ಯಾಕೆ ರೀ. ಕೊಲ್ಲಬೇಡ, ಕದಿಯಬೇಡ, ಸುಳ್ಳು ಸಾಕ್ಷಿ ಹೇಳಬೇಡ. ಬಸವಣ್ಣನೂ ಕಳಬೇಡ ಕೊಲಬೇಡ ಅಂತಲೇ ಹೇಳಿದ್ದು. ಯಾವ ಧರ್ಮದವರಿಗೆ ಇದರಿಂದ ತೊಂದರೆ?

ಸಿಸಿಲಿಯಾ_ಮಂಗಳೂರು:

ನಾನು ಕ್ರೈಸ್ತಳು. ನನಗೇ ಇದು ಸರಿ ಅನ್ನಿಸುವುದಿಲ್ಲ. ನೀವು ಹೇಳಿದವು ಕೊನೇ ಭಾಗದ ಆಜ್ಞೆಗಳು. ಪೋಸ್ಟರ್ ಶುರುವಾಗುವುದೇ "ನಾನೇ ನಿನ್ನ ದೇವರಾದ ಕರ್ತನು, ನಾನಲ್ಲದೆ ನಿನಗೆ ಬೇರೆ ದೇವರುಗಳು ಇರಬಾರದು" ಅನ್ನುವುದರಿಂದ. ಮುಂದಿನ ಸಾಲು ಕೆತ್ತಿದ ಮೂರ್ತಿಗಳನ್ನು ಮಾಡಬೇಡ ಅನ್ನುತ್ತದೆ. ಮನೆಯಲ್ಲಿ ಗೌರಿ ಗಣೇಶ ಕೂರಿಸುವ ಮಗು ವರ್ಷಕ್ಕೆ 180 ದಿನದಷ್ಟು ಇದನ್ನು ನೋಡುತ್ತಾ ಕೂರುತ್ತದೆ. ಎದ್ದು ಹೋಗುವ ಹಾಗಿಲ್ಲ, ಶಾಲೆ ಕಡ್ಡಾಯ.

ಇನ್ನೊಂದು ವಿಷಯ, ಯಾರ ದಶಾಜ್ಞೆ? ಯಹೂದ್ಯರಿಗೆ "ಈಜಿಪ್ಟಿನಿಂದ ನಿನ್ನನ್ನು ಬಿಡಿಸಿ ತಂದವನು ನಾನು" ಅನ್ನುವುದೇ ಮೊದಲನೆಯದು. ಕ್ಯಾಥೊಲಿಕರು ಮತ್ತು ಲೂಥರನ್ನರು ಮೂರ್ತಿಯ ಮಾತನ್ನು ಮೊದಲ ಆಜ್ಞೆಯಲ್ಲೇ ಸೇರಿಸಿ, ಕೊನೆಯ "ಆಶಿಸಬೇಡ"ವನ್ನು ಎರಡು ಮಾಡುತ್ತಾರೆ. ಬಹುಪಾಲು ಪ್ರೊಟೆಸ್ಟೆಂಟರಿಗೆ ಮೂರ್ತಿ ಬೇಡ ಅನ್ನುವುದೇ ಪ್ರತ್ಯೇಕವಾದ ಎರಡನೇ ಆಜ್ಞೆ. ಟೆಕ್ಸಸ್ ಪಠ್ಯದಲ್ಲಿ ಹಳೇ ಇಂಗ್ಲಿಷಿನ "ಕೊಲ್ಲಬೇಡ" ಇದೆ. ಹೀಬ್ರೂ ಮೂಲದ ಅರ್ಥ "ಹತ್ಯೆ ಮಾಡಬೇಡ" ಅನ್ನುವುದಕ್ಕೆ ಹತ್ತಿರ. ಇವುಗಳಲ್ಲಿ ಒಂದನ್ನು ಶಾಸನಸಭೆ ಆರಿಸಿದ ಕೂಡಲೇ ಶಾಸ್ತ್ರದ ಜಗಳದಲ್ಲಿ ಸರ್ಕಾರ ತೀರ್ಪು ಕೊಟ್ಟಂತಾಯಿತು. ಕೋರ್ಟಿಗೆ ಹೋದ ಕುಟುಂಬಗಳಲ್ಲಿ ಯಹೂದಿ, ಹಿಂದೂ, ಧರ್ಮವನ್ನು ನಂಬದವರ ಜೊತೆ ಕ್ರೈಸ್ತರೂ ಇದ್ದಾರೆ ಅನ್ನುವುದನ್ನು ಮರೆಯಬೇಡಿ.

ಮಂಡ್ಯದ_ಮಾತು:

ಮೂರ್ತಿಯ ಸಾಲು ಗೊತ್ತಿರಲಿಲ್ಲ ಮೇಡಂ. ಆದರೂ ಎರಡನೇ ಪಂಗಡದ ಮಾತು ನ್ಯಾಯವಾಗಿದೆ ಅನ್ನಿಸುತ್ತೆ. ಅವರದೊಂದು ಹಾಕಿದರೆ ನಮ್ಮದೊಂದು ಹಾಕಲಿ. ಸಮಪಾಲು.

ಕಟ್ಟೆ_ವಕೀಲ:

ಎಲ್ಲರೂ ಎಡವುವುದು ಇಲ್ಲೇ. ಅಮೆರಿಕದ ಕಾನೂನು ಮೊದಲು ಕೇಳುವುದು "ಎಷ್ಟು ಧರ್ಮಗಳಿವೆ" ಅಂತ ಅಲ್ಲ, "ಮಾತಾಡುತ್ತಿರುವವರು ಯಾರು" ಅಂತ. ಸರ್ಕಾರವೇ ಮಾತಾಡುತ್ತಿದೆಯೋ, ಅಥವಾ ಸರ್ಕಾರ ಜಾಗ ಬಿಟ್ಟುಕೊಟ್ಟು ಖಾಸಗಿಯವರು ಮಾತಾಡುತ್ತಿದ್ದಾರೋ? ಸರ್ಕಾರದ ಮಾತಾದರೆ ಅದರಲ್ಲಿ ಪಾಲು ಕೇಳುವ ಹಕ್ಕು ಯಾರಿಗೂ ಇಲ್ಲ.

ಯೂಟಾ ರಾಜ್ಯದ ಪ್ಲೆಸೆಂಟ್ ಗ್ರೋವ್ ಅನ್ನುವ ಊರಿನ ಪಾರ್ಕಿನಲ್ಲಿ ದಶಾಜ್ಞೆಯ ಕಲ್ಲು ಇತ್ತು. ಸಮ್ಮಮ್ ಅನ್ನುವ ಚಿಕ್ಕ ಪಂಥದವರು ತಮ್ಮ ಏಳು ಸೂತ್ರಗಳ ಕಲ್ಲನ್ನೂ ನಿಲ್ಲಿಸಬೇಕು ಅಂದರು. 2009ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಆಗಲ್ಲ ಅಂತು. ಸರ್ಕಾರಿ ಪಾರ್ಕಿನಲ್ಲಿ ಶಾಶ್ವತವಾಗಿ ನಿಲ್ಲುವ ಸ್ಮಾರಕ, ದಾನವಾಗಿ ಬಂದಿದ್ದರೂ ಸರ್ಕಾರದ್ದೇ ಮಾತು, ಯಾವುದನ್ನು ಇಟ್ಟುಕೊಳ್ಳಬೇಕೆಂದು ಸರ್ಕಾರ ಆರಿಸಬಹುದು. ಅದೇ ತರ್ಕದಲ್ಲಿ ಕ್ಲಾಸ್‌ರೂಮಿನ ಗೋಡೆಗೆ ಗಣಪತಿ ಪಟ ಕೇಳಿದರೆ "ಇಲ್ಲ" ಅಂತ ಒಂದು ಸಾಲಿನ ಉತ್ತರ ಬರುತ್ತೆ. ಆ "ಇಲ್ಲ"ವನ್ನು ಕೋರ್ಟಿನಲ್ಲಿ ಮುರಿಯೋದು ಕಷ್ಟ. ಸರ್ಕಾರದ ಮಾತಿಗೆ ಕಡಿವಾಣ ಹಾಕುವುದು ಧರ್ಮಸ್ಥಾಪನೆ ಮಾಡಬಾರದು ಅನ್ನುವ ಷರತ್ತು. ಅದರ ಕೆಳಗೆ ಕೇಳಬಹುದಾದ ಪರಿಹಾರ "ಅದನ್ನು ತೆಗೆಯಿರಿ" ಅನ್ನುವುದು. "ನಮ್ಮದನ್ನೂ ಸೇರಿಸಿ" ಅನ್ನುವುದಕ್ಕೆ ಅಲ್ಲಿ ಜಾಗವಿಲ್ಲ.

ಬಯಲುಸೀಮೆ_ಬಸ್ಯಾ:

ಒಕ್ಲಹೋಮದಾಗ ಹನುಮಪ್ಪನ ಮೂರ್ತಿ ಇಡ್ತೀವಿ ಅಂತ ಅರ್ಜಿ ಹಾಕಿದ್ರಲ್ಲ, ಅದೇನಾತು?

ಹೇಮಾವತಿ_ತೀರ:

ಅಲ್ಲಿ 2012ರಲ್ಲಿ ರಾಜ್ಯ ಕ್ಯಾಪಿಟಲ್ ಆವರಣದಲ್ಲಿ ದಶಾಜ್ಞೆಯ ಕಲ್ಲು ನಿಲ್ಲಿಸಿದರು, ಖಾಸಗಿ ದುಡ್ಡಿನಲ್ಲಿ. ಅದರ ಬೆನ್ನಿಗೇ ಒಂದು ಹಿಂದೂ ಸಂಘಟನೆ ಹನುಮಂತನ ಮೂರ್ತಿಗೂ, ಸೇಟನಿಕ್ ಟೆಂಪಲ್‌ನವರು ಮೇಕೆತಲೆಯ ಬಾಫೊಮೆಟ್ ಮೂರ್ತಿಗೂ ಅರ್ಜಿ ಹಾಕಿದರು. ಆವರಣ ಸಮಿತಿ ಎಲ್ಲ ಅರ್ಜಿಗಳನ್ನೂ ತಡೆಹಿಡಿಯಿತು. ಕೊನೆಗೆ 2015ರಲ್ಲಿ ಒಕ್ಲಹೋಮ ಸುಪ್ರೀಂ ಕೋರ್ಟು ಆ ರಾಜ್ಯದ ಸಂವಿಧಾನದ 2ನೇ ವಿಧಿ, 5ನೇ ಕಲಂ ಆಧರಿಸಿ ಕಲ್ಲನ್ನೇ ತೆಗೆಸಿತು. ಸರ್ಕಾರಿ ಆಸ್ತಿಯನ್ನು ಯಾವುದೇ ಧರ್ಮದ ಲಾಭಕ್ಕೆ ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಬಳಸಬಾರದು ಅನ್ನುತ್ತೆ ಆ ಕಲಂ. ಅದನ್ನೇ ಕಿತ್ತುಹಾಕಲು 2016ರಲ್ಲಿ ಜನಮತ ಕೇಳಿದರು, ಜನ ಬೇಡ ಅಂದರು. ಹನುಮಂತ ಬರಲಿಲ್ಲ, ದಶಾಜ್ಞೆಯೂ ಉಳಿಯಲಿಲ್ಲ. ಫೆಡರಲ್ ಸಂವಿಧಾನ ಒಂದನ್ನೇ ಹಿಡಿದು ಕೂರಬೇಡಿ, ರಾಜ್ಯ ಸಂವಿಧಾನವನ್ನೂ ಓದಿ ಅನ್ನಲು ಈ ಉದಾಹರಣೆ ಕೊಡುತ್ತಿದ್ದೇನೆ.

ತುಂಗಾ_ಪಾನ:

ಟೆಕ್ಸಸ್‌ನಲ್ಲೇ ಇನ್ನೊಂದು ಉದಾಹರಣೆ ಇದೆ. "ಇನ್ ಗಾಡ್ ವಿ ಟ್ರಸ್ಟ್" ಬರಹದ ಪೋಸ್ಟರ್ ದಾನ ಬಂದರೆ ಶಾಲೆ ಹಾಕಲೇಬೇಕು ಅನ್ನುವ ಕಾನೂನು 2021ರಲ್ಲಿ ಬಂತು. ಮರುವರ್ಷ ಸೌತ್‌ಲೇಕ್‌ನ ಕ್ಯಾರಲ್ ಡಿಸ್ಟ್ರಿಕ್ಟ್‌ಗೆ ಒಬ್ಬರು ಅದೇ ಘೋಷವಾಕ್ಯವನ್ನು ಅರಬ್ಬಿಯಲ್ಲಿ ಬರೆಸಿ, ಇನ್ನೊಂದನ್ನು ಕಾಮನಬಿಲ್ಲಿನ ಬಣ್ಣದಲ್ಲಿ ಬರೆಸಿ ಕೊಡಲು ಹೋದರು. "ಈಗಾಗಲೇ ಸಾಕಷ್ಟು ಪೋಸ್ಟರ್ ಬಂದಿವೆ" ಅಂತ ಬೋರ್ಡು ತಗೊಳ್ಳಲಿಲ್ಲ. ಈ ಸಲದ ಕಾನೂನಿನಲ್ಲಿ "ಇಷ್ಟೇ ಪಠ್ಯ, ಬೇರೇನೂ ಇರಕೂಡದು" ಅಂತ ಬಿಗಿಯಾಗಿ ಬರೆದ ಮೇಲೆ ಅಂಥ ದಾರಿಗಳೆಲ್ಲ ಮುಚ್ಚಿಹೋಗಿವೆ.

ನಮ್ಮೂರ_ಶಂಕರ:

ಒಂದು ಅರ್ಥ ಆಗ್ತಿಲ್ಲ. ಟೆಕ್ಸಸ್ ಕ್ಯಾಪಿಟಲ್ ಎದುರು ದಶಾಜ್ಞೆಯ ದೊಡ್ಡ ಕಲ್ಲೇ ಇದೆಯಲ್ಲ. ಅದನ್ನು ಸುಪ್ರೀಂ ಕೋರ್ಟು ಇರಲಿ ಅಂತು. ಕಲ್ಲು ಇರಬಹುದಾದರೆ ಕಾಗದ ಯಾಕೆ ಬೇಡ?

ಕಟ್ಟೆ_ವಕೀಲ:

ಒಳ್ಳೇ ಪ್ರಶ್ನೆ ಸರ್. 2005ರ ಜೂನ್ 27, ಒಂದೇ ದಿನ ಎರಡು ತೀರ್ಪು ಬಂದವು, ಎರಡೂ 5-4. ಒಂದರಲ್ಲಿ ಕಲ್ಲು ಉಳಿಯಿತು, ಇನ್ನೊಂದರಲ್ಲಿ ಚೌಕಟ್ಟು ಹೋಯಿತು.

ಉಳಿದದ್ದು ಆಸ್ಟಿನ್‌ನದು, ವ್ಯಾನ್ ಆರ್ಡನ್ ಪ್ರಕರಣ. ಸುಮಾರು 6 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಕಲ್ಲು. 1961ರಲ್ಲಿ ಈಗಲ್ಸ್ ಅನ್ನುವ ಸೇವಾ ಸಂಘ ಕೊಟ್ಟಿದ್ದು. 22 ಎಕರೆ ಆವರಣದಲ್ಲಿ 17 ಸ್ಮಾರಕ, 21 ಚಾರಿತ್ರಿಕ ಫಲಕಗಳಿವೆ, ಅವುಗಳ ನಡುವೆ ಇದೂ ಒಂದು. 40 ವರ್ಷ ಯಾರೂ ಕೇಸು ಹಾಕಿರಲಿಲ್ಲ. ನಿರ್ಣಾಯಕ ಮತ ಕೊಟ್ಟ ನ್ಯಾಯಮೂರ್ತಿ ಬ್ರೇಯರ್ ಆ 40 ವರ್ಷಗಳಿಗೇ ಹೆಚ್ಚು ತೂಕ ಕೊಟ್ಟರು. ಹಾದುಹೋಗುವ ದೊಡ್ಡವರು ನೋಡಬಹುದು, ಬಿಡಬಹುದು. ಅದೇ ಬ್ರೇಯರ್ ಇನ್ನೊಂದು ಕೇಸಿನಲ್ಲಿ ತೆಗೆಯಬೇಕು ಅನ್ನುವ ಕಡೆ ಮತ ಹಾಕಿದರು.

ಹೋದದ್ದು ಕೆಂಟಕಿಯ ಮ್ಯಾಕ್ರೇರಿ ಕೌಂಟಿಯದು. ಅದರ ಇತಿಹಾಸ ಓದಿದರೆ ಎಲ್ಲಿ ಕೆಡುತ್ತದೆ ಅನ್ನುವುದು ಗೊತ್ತಾಗುತ್ತದೆ. 1999ರಲ್ಲಿ ಕೋರ್ಟ್ ಕಟ್ಟಡದಲ್ಲಿ ದಶಾಜ್ಞೆ ಒಂದನ್ನೇ ತೂಗುಹಾಕಿದರು. ಕೇಸು ಬಿತ್ತು. ಪಕ್ಕದಲ್ಲಿ ಎಂಟು ದಾಖಲೆ ಸೇರಿಸಿದರು, ಆದರೆ ಪ್ರತಿಯೊಂದರಲ್ಲೂ ದೇವರ ಹೆಸರಿರುವ ಸಾಲುಗಳನ್ನೇ ಹೆಕ್ಕಿ ಎತ್ತಿ ತೋರಿಸಿದರು. ತಡೆಯಾಜ್ಞೆ ಬಂತು. ಮೂರನೇ ಸಲ ಮ್ಯಾಗ್ನಾ ಕಾರ್ಟ, ಸ್ವಾತಂತ್ರ್ಯ ಘೋಷಣೆ, ಹಕ್ಕುಗಳ ಮಸೂದೆ ಎಲ್ಲ ಸೇರಿಸಿ ಒಂದೇ ಅಳತೆಯ ಒಂಬತ್ತು ಚೌಕಟ್ಟು ಮಾಡಿ "ಅಮೆರಿಕದ ಕಾನೂನಿನ ತಳಹದಿ" ಅಂತ ಹೆಸರಿಟ್ಟರು. ಆ ಮೂರನೆಯದನ್ನು ಮೊದಲೇ ಮಾಡಿದ್ದರೆ ಉಳಿಯುವ ಸಾಧ್ಯತೆ ಇತ್ತು. ಆದರೆ ಉದ್ದೇಶ ಮೊದಲ ದಿನವೇ ಬಯಲಾಗಿತ್ತು, ಕೋರ್ಟು ಅದನ್ನು ಮರೆಯಲಿಲ್ಲ.

ಶಾಲೆಯದು ಇವೆರಡಕ್ಕಿಂತ ಹಳೇ ಮಾತು. 1980ರ ಸ್ಟೋನ್ ವರ್ಸಸ್ ಗ್ರಹಾಂ, ಅದೂ ಕೆಂಟಕಿಯದೇ. ಅಲ್ಲಿನ ಕಾನೂನು ಹೇಳಿದ್ದ ಅಳತೆ ನೋಡಿ: 16 ಇಂಚು ಅಗಲ, 20 ಇಂಚು ಎತ್ತರ. ಹಣ ಖಾಸಗಿ ದೇಣಿಗೆ. ಇದರ ಉಪಯೋಗ ಲೌಕಿಕವಾದದ್ದು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬೇರೆ. ಆದರೂ 5-4ರಲ್ಲಿ ಬಿತ್ತು. 45 ವರ್ಷ ಆದಮೇಲೆ ಟೆಕ್ಸಸ್ ಅದೇ ಅಳತೆಯ ಕಾನೂನು ಮಾಡಿದೆ, ಆ ಸಣ್ಣಕ್ಷರದ ಸಾಲೂ ಇಲ್ಲದೆ.

ಬಾಸ್ಟನ್_ಬೇಂದ್ರೆಪ್ರಿಯ:

ವಕೀಲರು ಒಂದು ಭಾಗ ಬಿಟ್ಟರು, ಅದು ಸಣ್ಣದಲ್ಲ. 2022ರ ಕೆನಡಿ ವರ್ಸಸ್ ಬ್ರೆಮರ್ಟನ್ ತೀರ್ಪಿನ ನಂತರ ನೆಲವೇ ಸರಿದಿದೆ. ಫುಟ್‌ಬಾಲ್ ಮೈದಾನದ ನಡುಗೆರೆಯಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಕೋಚ್‌ನ ಪರವಾಗಿ 6-3ರ ತೀರ್ಪು. ಅದರಲ್ಲಿ ಕೋರ್ಟು 1971ರ ಲೆಮನ್ ಪರೀಕ್ಷೆಯನ್ನು ಕೈಬಿಟ್ಟಾಯಿತು ಅಂದಿತು. ಲೌಕಿಕ ಉದ್ದೇಶ ಇದೆಯೇ, ಪರಿಣಾಮ ಧರ್ಮಕ್ಕೆ ಪೋಷಕವೇ, ಸರ್ಕಾರ ಧರ್ಮದೊಳಗೆ ಸಿಕ್ಕಿಕೊಳ್ಳುತ್ತದೆಯೇ ಅನ್ನುವ ಮೂರು ಪ್ರಶ್ನೆಗಳ ಪರೀಕ್ಷೆ ಅದು. ಈಗ ಕೇಳಬೇಕಾದದ್ದು ಚಾರಿತ್ರಿಕ ಆಚರಣೆ ಏನಿತ್ತು ಅಂತ. ಸ್ಟೋನ್ ತೀರ್ಪು ನಿಂತಿದ್ದು ಲೆಮನ್ ಮೇಲೆ. ತಳಪಾಯ ಹೋದಮೇಲೆ ಮನೆ ನಿಲ್ಲುತ್ತದೆಯೇ ಅನ್ನುವುದೇ ಇಂಥದೇ ಕಾನೂನು ಮಾಡಿರುವ ಲೂಯಿಸಿಯಾನ, ಟೆಕ್ಸಸ್‌ನವರ ವಾದ. ಈ ಸುಪ್ರೀಂ ಕೋರ್ಟಿನಲ್ಲಿ ಅವರಿಗೆ ಗೆಲುವಿನ ಆಸೆ ಇರುವುದರಲ್ಲಿ ಆಶ್ಚರ್ಯವಿಲ್ಲ.

2019ರ ಬ್ಲೇಡೆನ್ಸ್‌ಬರ್ಗ್ ಶಿಲುಬೆಯನ್ನೂ ಸೇರಿಸಿಕೊಳ್ಳಿ. ಮೇರಿಲ್ಯಾಂಡ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ 49 ಸೈನಿಕರ ನೆನಪಿಗೆ 1925ರಲ್ಲಿ ಪೂರ್ತಿಯಾದ 40 ಅಡಿಯ ಶಿಲುಬೆ. ಸರ್ಕಾರಿ ಜಾಗದಲ್ಲಿದೆ, ನಿರ್ವಹಣೆಗೆ ಸಾರ್ವಜನಿಕ ಹಣ ಖರ್ಚಾಗಿದೆ. 7-2ರಲ್ಲಿ ಉಳಿಯಿತು.

ಸಿಸಿಲಿಯಾ_ಮಂಗಳೂರು:

ಆ ಶಿಲುಬೆ ಸತ್ತವರ ತಾಯಂದಿರು ಸೇರಿ ಶುರುಮಾಡಿದ ಸ್ಮಾರಕ. ನೂರು ವರ್ಷದ ಗುರುತನ್ನು ಕೀಳುವುದು ಬೇರೆ, ನಿನ್ನೆ ಕಾನೂನು ಮಾಡಿ ಐದು ವರ್ಷದ ಮಕ್ಕಳ ಕಣ್ಣೆದುರು ಹೊಸದಾಗಿ ತಂದಿಡುವುದು ಬೇರೆ.

ಕಟ್ಟೆ_ವಕೀಲ:

ಬಾಸ್ಟನ್‌ನವರ ಮಾತು ಸರಿ, ಒಪ್ಪಿದೆ. ಆದರೆ ಕೆನಡಿ ತೀರ್ಪು ಸ್ಟೋನನ್ನು ಹೆಸರು ಹಿಡಿದು ರದ್ದು ಮಾಡಿಲ್ಲ. ಸುಪ್ರೀಂ ಕೋರ್ಟು ತಾನೇ ರದ್ದು ಮಾಡುವವರೆಗೆ ಕೆಳಗಿನ ಕೋರ್ಟುಗಳಿಗೆ ಅದು ಬದ್ಧ. ಲೂಯಿಸಿಯಾನ ಕಾನೂನಿನ ಮೇಲೆ ಐದನೇ ಸರ್ಕ್ಯೂಟ್ ಅನ್ನುವ ಫೆಡರಲ್ ಮೇಲ್ಮನವಿ ಕೋರ್ಟಿನ ಮೂವರ ಪೀಠ ಕಳೆದ ಜೂನ್ 20ರಂದು ಹೇಳಿದ್ದೂ ಇದನ್ನೇ. ರಾಜ್ಯ ಈಗ ಪೂರ್ಣಪೀಠ ಕೇಳಬೇಕು ಅಂತ ಅರ್ಜಿ ಹಾಕಿದೆ. ಟೆಕ್ಸಸ್ ಕೂಡ ಅದೇ ಸರ್ಕ್ಯೂಟ್‌ನಡಿ ಬರುವುದರಿಂದ ಅಲ್ಲಿ ಆಗುವುದು ಇಲ್ಲಿಗೂ ತಟ್ಟುತ್ತದೆ. ಇನ್ನು ಕೆನಡಿಯಲ್ಲೂ ಬಲವಂತ ಇರಬಾರದು ಅನ್ನುವ ತತ್ವ ಉಳಿದಿದೆ. ಮೈದಾನದಿಂದ ಹುಡುಗ ಪಕ್ಕಕ್ಕೆ ಸರಿಯಬಹುದು, ಕ್ಲಾಸ್‌ರೂಮಿನಿಂದ ಸರಿಯುವ ಹಾಗಿಲ್ಲ.

ಮಂಡ್ಯದ_ಮಾತು:

ಸರಿ, ಆದ್ರೆ ನಮ್ಮ ದೇಶದಲ್ಲಿ ತಹಸೀಲ್ದಾರ್ ಕಚೇರಿಗೆ ಹೋಗಿ. ಲಕ್ಷ್ಮಿ ಪಟ, ಚಾಮುಂಡಿ ಪಟ, ಊದುಬತ್ತಿ. ಆಯುಧಪೂಜೆಗೆ ಜೀಪಿಗೆ ಕುಂಬಳಕಾಯಿ ಒಡೀತಾರೆ. ಪೊಲೀಸ್ ಸ್ಟೇಷನ್‌ನಲ್ಲಿ ಗಣಪತಿ ಕೂರಿಸ್ತಾರೆ. ಯಾರೂ ಕೋರ್ಟಿಗೆ ಹೋಗಲ್ಲ. ಅಲ್ಲಿ ಸುಮ್ಮನಿದ್ದು ಇಲ್ಲಿ ಬೇರ್ಪಡಿಸುವ ಗೋಡೆಯ ಮಾತಾಡೋದು ಸರಿಯಾ?

ಹೇಮಾವತಿ_ತೀರ:

ಎರಡು ದೇಶದ ಏರ್ಪಾಡೇ ಬೇರೆ. ನಮ್ಮಲ್ಲಿ ಸ್ಥಾಪನೆ ಮಾಡಬಾರದು ಅನ್ನುವ ವಾಕ್ಯ ಇಲ್ಲ. ಇರುವುದು 25ರಿಂದ 28ನೇ ವಿಧಿಗಳು. 27: ಒಂದು ಧರ್ಮದ ಪ್ರಚಾರಕ್ಕೆಂದೇ ಮೀಸಲಾದ ತೆರಿಗೆ ಕಟ್ಟಲು ಬಲವಂತ ಮಾಡುವ ಹಾಗಿಲ್ಲ. 28(1): ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಇದು ನೇರವಾದ ಮಾತು, ಅಮೆರಿಕದ್ದಕ್ಕಿಂತ ಸ್ಪಷ್ಟ. ಉಳಿದಂತೆ ನಮ್ಮ ಪ್ರಭುತ್ವ ಧರ್ಮದೊಳಗೆ ಕೈಹಾಕುತ್ತಲೇ ಬಂದಿದೆ. ಮುಜರಾಯಿ ಇಲಾಖೆ ಅಂತ ಒಂದು ಇಲಾಖೆಯೇ ಇದೆ, 1997ರ ಧಾರ್ಮಿಕ ದತ್ತಿ ಕಾಯ್ದೆ ಇದೆ. ದೇವಸ್ಥಾನದ ಹುಂಡಿ ಎಣಿಕೆಗೆ ಸರ್ಕಾರಿ ನೌಕರರು ಕೂರುವುದನ್ನು ಅಮೆರಿಕದ ಕೋರ್ಟು ಒಂದು ದಿನವೂ ಬಿಡುವುದಿಲ್ಲ.

ಆದರೂ "ಯಾರೂ ಕೇಳಲ್ಲ" ಅನ್ನುವುದು ತಪ್ಪು. 1994ರ ಬೊಮ್ಮಾಯಿ ತೀರ್ಪು, ನಮ್ಮದೇ ರಾಜ್ಯದ ಮುಖ್ಯಮಂತ್ರಿಯ ಹೆಸರಿನದು. ಜಾತ್ಯತೀತತೆ ಸಂವಿಧಾನದ ಮೂಲರಚನೆಯ ಭಾಗ ಅಂತ ಅಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಬಂತು. ನಿನ್ನೆ ತಾನೆ ದಸರಾ ಉದ್ಘಾಟನೆಗೆ ಬಾನು ಮುಷ್ತಾಕ್ ಅವರನ್ನು ಕರೆದದ್ದನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟು ವಜಾ ಮಾಡಿದೆ, ಹೈಕೋರ್ಟು 15ರಂದೇ ಮಾಡಿತ್ತು. ಅಲ್ಲಿಯೂ ಪ್ರಶ್ನೆ ಇದೇ: ಚಾಮುಂಡಿಬೆಟ್ಟದ ಕಾರ್ಯಕ್ರಮ ರಾಜ್ಯದ ಹಬ್ಬವೋ, ದೇವಸ್ಥಾನದ ಪೂಜೆಯೋ? ರಾಜ್ಯದ ಕಾರ್ಯಕ್ರಮ ಅಂದಮೇಲೆ ಅತಿಥಿಯನ್ನು ಧರ್ಮ ನೋಡಿ ಬೇಡ ಅನ್ನುವ ಹಾಗಿಲ್ಲ.

ನಮ್ಮೂರ_ಶಂಕರ:

ವಿಧಾನಸೌಧದ ಹಣೆ ಮೇಲೇ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಇದೆ. ಕೆಂಗಲ್ ಹನುಮಂತಯ್ಯನವರ ಕಾಲದ್ದು. ಅದು ಧಾರ್ಮಿಕ ಪ್ರದರ್ಶನ ಆಗುತ್ತಾ?

ಬಾಸ್ಟನ್_ಬೇಂದ್ರೆಪ್ರಿಯ:

ಅಮೆರಿಕದ ಅಳತೆಗೋಲಿನಲ್ಲಿ ಅದು "ಇನ್ ಗಾಡ್ ವಿ ಟ್ರಸ್ಟ್" ಗುಂಪಿಗೆ ಸೇರುತ್ತದೆ. ಯಾವ ದೇವರು ಅಂತ ಹೇಳುವುದಿಲ್ಲ, ಏನು ಮಾಡು ಅಂತ ಆಜ್ಞೆ ಇಲ್ಲ. ನಾಣ್ಯದ ಮೇಲೆ 1864ರಿಂದ ಇದೆ, ರಾಷ್ಟ್ರದ ಘೋಷವಾಕ್ಯ ಆದದ್ದು 1956ರಲ್ಲಿ. ವಿಧಾನಸೌಧದ ಸಾಲು ನೌಕರನಿಗೆ ಹೇಳಿದ್ದು: ಮೇಜಿನ ಮೇಲಿನ ಕಡತವನ್ನು ಶ್ರದ್ಧೆಯಿಂದ ನೋಡು ಅಂತ. ಪ್ರಜೆಗೆ ಯಾರನ್ನು ಪೂಜಿಸಬೇಕು ಅಂತ ಹೇಳಿಲ್ಲ.

ತುಂಗಾ_ಪಾನ:

ಹಾಗಾದ್ರೆ ಬಸವಣ್ಣನವರ ಭಾವಚಿತ್ರ? 2024ರ ಜನವರಿಯಲ್ಲಿ ಸಂಪುಟ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು, ಎಲ್ಲ ಸರ್ಕಾರಿ ಕಚೇರಿಗಳಲ್ಲೂ ಚಿತ್ರ ಹಾಕಬೇಕು ಅಂತ ಆಯಿತು. ಲಿಂಗಾಯತರಿಗೆ ಅವರು ಧರ್ಮಗುರು. ನನ್ನಂಥವಳಿಗೆ ವಚನಕಾರ, ಸಮಾಜ ಸುಧಾರಕ. ಒಂದೇ ಚಿತ್ರ, ಎರಡು ಅರ್ಥ.

ಬಯಲುಸೀಮೆ_ಬಸ್ಯಾ:

ಅಣ್ಣಾವ್ರನ್ನ ದಶಾಜ್ಞೆಗೆ ಹೋಲಿಸಬ್ಯಾಡ್ರಿ ಅಕ್ಕಾ. "ಇವನಾರವ" ಅನಬ್ಯಾಡ ಅಂದವರು ಅವರು. ಹೊರಗಿನವರನ್ನ ದೂರ ಇಡೋ ಮಾತು ಅಲ್ಲೆಲ್ಲೈತಿ?

ತುಂಗಾ_ಪಾನ:

ಹೋಲಿಸಿಲ್ಲ ಬಸ್ಯಾ ಅಣ್ಣ, ನಾನೂ ಅದನ್ನೇ ಕೇಳುತ್ತಿರುವುದು. ಚಿತ್ರದಲ್ಲಿರುವವರು ಯಾರು ಅನ್ನುವುದಕ್ಕಿಂತ ಸರ್ಕಾರ ಅದನ್ನು ಯಾವ ಮಾತಿನಿಂದ ತೂಗುಹಾಕಿತು ಅನ್ನುವುದು ಮುಖ್ಯ. ಅಮೆರಿಕದ ಸುಪ್ರೀಂ ಕೋರ್ಟಿನ ಗೋಡೆಯಲ್ಲೇ ಮೋಸೆಯ ಶಿಲ್ಪ ಇದೆ. ಆದರೆ ಹಮ್ಮುರಾಬಿ, ಸೊಲೊಮನ್, ಕನ್ಫ್ಯೂಷಿಯಸ್, ಮುಹಮ್ಮದ್, ಜಸ್ಟಿನಿಯನ್, ನೆಪೋಲಿಯನ್ ಎಲ್ಲ ಸೇರಿ 18 ಜನ ಕಾನೂನುಕರ್ತರ ಸಾಲಿನಲ್ಲಿ. ನಮ್ಮ ಸಂವಿಧಾನದ ಮೂಲ ಕೈಬರಹದ ಪ್ರತಿಯಲ್ಲಿ ನಂದಲಾಲ್ ಬೋಸ್ ತಂಡದವರು ಮೂಲಭೂತ ಹಕ್ಕುಗಳ ಭಾಗದ ಮೇಲೆ ರಾಮ ಸೀತೆ ಲಕ್ಷ್ಮಣರನ್ನು ಬರೆದಿದ್ದಾರೆ. ಬುದ್ಧ, ಅಕ್ಬರ್, ಗುರು ಗೋವಿಂದ ಸಿಂಗ್ ಕೂಡ ಅದೇ ಪುಸ್ತಕದಲ್ಲಿದ್ದಾರೆ. ಸಾಲಿನಲ್ಲಿ ಇಡುವುದು ಬೇರೆ, ಒಬ್ಬರನ್ನೇ ಕಡ್ಡಾಯವಾಗಿ ಎದುರು ನಿಲ್ಲಿಸುವುದು ಬೇರೆ. ಬಸವಣ್ಣನವರ ಚಿತ್ರ ಎಲ್ಲಿ ಸೇರುತ್ತದೆ ಅಂತ ನನಗೆ ಇನ್ನೂ ತೀರ್ಮಾನಕ್ಕೆ ಬರಲು ಆಗಿಲ್ಲ.

ಪಾರಿಜಾತ_ಪ್ಲೇನೋ:

ಎಲ್ಲರಿಗೂ ಧನ್ಯವಾದ. "ನಮ್ಮದನ್ನೂ ಹಾಕಿ" ಅನ್ನುವುದು ಕ್ಲಾಸ್‌ರೂಮಿನಲ್ಲಿ ನಿಲ್ಲಲ್ಲ ಅಂತಾಯ್ತು. ಹಾಗಿದ್ರೆ ದೀಪಾವಳಿಗೆ ಸಿಟಿ ಹಾಲ್ ಹುಲ್ಲುಹಾಸಿನ ಮೇಲೆ ಕನ್ನಡ ಸಂಘದವರು ಅಲಂಕಾರ ಮಾಡ್ತೀವಿ ಅಂದ್ರೆ ಅದೂ ಆಗಲ್ವಾ? ಕ್ರಿಸ್‌ಮಸ್‌ಗೆ ಅಲ್ಲಿ ಯೇಸು ಹುಟ್ಟಿನ ಗೋದಲಿ ಇಡ್ತಾರಲ್ಲ.

ಕಟ್ಟೆ_ವಕೀಲ:

ಅದು ಬೇರೆ, ಅಲ್ಲಿ ನಿಮಗೆ ಬಲವಾದ ಹಕ್ಕು ಇರಬಹುದು. ಮತ್ತದೇ ಪ್ರಶ್ನೆ: ಗೋದಲಿ ಇಡುವವರು ಸಿಟಿಯವರೋ, ಚರ್ಚಿನವರು ಪರ್ಮಿಟ್ ತಗೊಂಡು ಇಡುತ್ತಾರೋ?

ಸಿಟಿಯೇ ಇಡುವುದಾದರೆ ಪಾಲು ಕೇಳಲಾಗದು. 1984ರ ಲಿಂಚ್ ಕೇಸಿನಲ್ಲಿ ಸಾಂಟಾನ ಮನೆ, ಹಿಮಸಾರಂಗ, ಕ್ರಿಸ್‌ಮಸ್ ಮರದ ನಡುವೆ ಇದ್ದ ಗೋದಲಿ ಉಳಿಯಿತು. 1989ರಲ್ಲಿ ಪಿಟ್ಸ್‌ಬರ್ಗ್ ಕೋರ್ಟ್ ಕಟ್ಟಡದ ಮಹಾ ಮೆಟ್ಟಿಲ ಮೇಲೆ ಒಂಟಿಯಾಗಿ ಇಟ್ಟಿದ್ದ ಗೋದಲಿ ಹೋಯಿತು. ಅದೇ ತೀರ್ಪಿನಲ್ಲಿ 45 ಅಡಿಯ ಮರದ ಪಕ್ಕ ಇದ್ದ 18 ಅಡಿಯ ಯಹೂದಿ ದೀಪಸ್ತಂಭ ಉಳಿಯಿತು.

ಪರ್ಮಿಟ್ ಕೊಟ್ಟು ಎಲ್ಲರಿಗೂ ಬಿಡುವ ಜಾಗವಾದರೆ, ಧಾರ್ಮಿಕ ಅನ್ನುವ ಒಂದೇ ಕಾರಣಕ್ಕೆ ನಿಮಗೆ ಇಲ್ಲ ಅನ್ನುವ ಹಾಗಿಲ್ಲ. ಬಾಸ್ಟನ್ ಸಿಟಿ ಹಾಲ್ ಎದುರು 83 ಅಡಿಯ ಮೂರು ಧ್ವಜಸ್ತಂಭಗಳಿವೆ. 2005ರಿಂದ 2017ರವರೆಗೆ 284 ಧ್ವಜಾರೋಹಣಕ್ಕೆ ಅನುಮತಿ ಕೊಟ್ಟಿದ್ದರು, ಒಂದನ್ನೂ ತಿರಸ್ಕರಿಸಿರಲಿಲ್ಲ. ಕ್ರೈಸ್ತ ಧ್ವಜ ಕೇಳಿದಾಗ ಮಾತ್ರ ಬೇಡ ಅಂದರು. 2022ರ ಶರ್ಟ್‌ಲೆಫ್ ತೀರ್ಪಿನಲ್ಲಿ 9-0ರಿಂದ ಬಾಸ್ಟನ್ ಸೋತಿತು.

ಆದ್ದರಿಂದ ಹೀಗೆ ಮಾಡಿ. ಮೊದಲು ಸಿಟಿಯ ಲಿಖಿತ ನಿಯಮ ಕೇಳಿ, ಬಾಯಿಮಾತು ಬೇಡ. ಜೊತೆಗೆ ಹಿಂದಿನ ಮೂರ್ನಾಲ್ಕು ವರ್ಷದಲ್ಲಿ ಆ ಜಾಗದಲ್ಲಿ ಯಾರ್ಯಾರಿಗೆ ಅನುಮತಿ ಕೊಟ್ಟಿದ್ದಾರೆ, ಯಾರಿಗೆ ಕೊಟ್ಟಿಲ್ಲ ಅನ್ನುವ ಪಟ್ಟಿಗೆ ಟೆಕ್ಸಸ್ ಪಬ್ಲಿಕ್ ಇನ್ಫರ್ಮೇಷನ್ ಕಾಯ್ದೆಯಲ್ಲಿ ಅರ್ಜಿ ಹಾಕಿ. ಊರಿನ ಆರ್‌ಟಿಐ ಇದ್ದ ಹಾಗೆ. 10 ಕೆಲಸದ ದಿನದೊಳಗೆ ಕೊಡಲಾಗದಿದ್ದರೆ ಯಾವತ್ತು ಕೊಡುತ್ತೇವೆ ಅಂತ ಬರೆದು ತಿಳಿಸಬೇಕು. ಈ ಸಲದ ದೀಪಾವಳಿ ಅಕ್ಟೋಬರ್ 20ಕ್ಕೆ, ಸೋಮವಾರವೇ ಅರ್ಜಿ ಹೋಗಲಿ. ಪರ್ಮಿಟ್ ಅರ್ಜಿ ಸಂಘದ ಹೆಸರಿನಲ್ಲಿರಲಿ: ಉದ್ದಗಲ, ಎತ್ತರ, ಎಷ್ಟು ದಿನ, ವಿದ್ಯುತ್ ಎಲ್ಲಿಂದ, ಕೀಳುವವರು ಯಾರು. ಎಣ್ಣೆ ದೀಪ ಅಂತ ಬರೆದರೆ ಅಗ್ನಿಶಾಮಕದವರು ಅಲ್ಲೇ ನಿಲ್ಲಿಸುತ್ತಾರೆ, ಬ್ಯಾಟರಿ ಹಣತೆ ಅಂತ ಬರೆಯಿರಿ. ಸಾಮಾನ್ಯವಾಗಿ 10 ಲಕ್ಷ ಡಾಲರ್‌ನ ಹೊಣೆ ವಿಮೆ ಕೇಳುತ್ತಾರೆ, ಸಭಾಂಗಣ ಬಾಡಿಗೆಗೆ ಅಂತ ಸಂಘದ ಹತ್ತಿರ ಇದ್ದರೆ ಅದಕ್ಕೇ ಸಿಟಿಯ ಹೆಸರು ಸೇರಿಸಬಹುದು. "ಇದು ಇಂಥ ಸಂಘದ ಖಾಸಗಿ ಪ್ರದರ್ಶನ, ನಗರಾಡಳಿತದ್ದಲ್ಲ" ಅನ್ನುವ ಫಲಕ ನೀವೇ ಇಡಿ. ಆ ಒಂದು ಫಲಕದಿಂದ ಎಷ್ಟೋ ತಕರಾರು ಬಗೆಹರಿಯುತ್ತದೆ.

ಬೇಡ ಅಂದರೆ ಕಾರಣವನ್ನು ಬರೆದುಕೊಡಲು ಕೇಳಿ. ಅಳತೆ, ಬೆಂಕಿ, ಜಾಗ ಖಾಲಿ ಇಲ್ಲ ಅನ್ನುವ ಕಾರಣ ಎಲ್ಲರಿಗೂ ಒಂದೇ ಆಗಿದ್ದರೆ ಒಪ್ಪಲೇಬೇಕು. "ಧಾರ್ಮಿಕ" ಅನ್ನುವ ಪದ ಆ ಪತ್ರದಲ್ಲಿದ್ದರೆ ವಕೀಲರ ಹತ್ತಿರ ಹೋಗಿ.

ಬಾಸ್ಟನ್_ಬೇಂದ್ರೆಪ್ರಿಯ:

ಇದರಲ್ಲಿ ಒಂದು ಅಪಾಯ ಇದೆ. ಸಿಟಿಯವರು ಜಾಗವನ್ನೇ ಮುಚ್ಚಬಹುದು. ಮಿಷಿಗನ್‌ನ ಹ್ಯಾಮ್‌ಟ್ರಾಮಿಕ್ 2023ರಲ್ಲಿ ಹಾಗೇ ಮಾಡಿತು: ಧಾರ್ಮಿಕ ಧ್ವಜ, ಕಾಮನಬಿಲ್ಲಿನ ಧ್ವಜ, ಜನಾಂಗದ ಧ್ವಜ ಯಾವುದೂ ಸಿಟಿ ಆಸ್ತಿಯ ಮೇಲೆ ಬೇಡ ಅಂತ. ಎಲ್ಲರಿಗೂ ಸಮಾನವಾಗಿ ಮುಚ್ಚಿದರೆ ಪ್ರಶ್ನಿಸಲು ಹೆಚ್ಚೇನೂ ಉಳಿಯದು. ಅರ್ಜಿ ಹಾಕುವ ಮೊದಲು ಬೇರೆ ಸಮುದಾಯದವರ ಜೊತೆ ಮಾತಾಡಿಕೊಳ್ಳಿ, ನಿಮ್ಮಿಂದಾಗಿ ಅವರ ಜಾಗವೂ ಹೋಗಬಾರದು.

ಸಿಸಿಲಿಯಾ_ಮಂಗಳೂರು:

ಪೋಸ್ಟರ್ ಗಲಾಟೆಯಲ್ಲಿ ಸೆನೆಟ್ ಬಿಲ್ 11 ಎಲ್ಲರ ಕಣ್ಣಿಂದ ತಪ್ಪಿಹೋಗಿದೆ, ಹೇಳಿಬಿಡುತ್ತೇನೆ. ಶಾಲೆಯಲ್ಲಿ ಪ್ರಾರ್ಥನೆ, ಧರ್ಮಗ್ರಂಥ ಓದುವ ಸಮಯ ಇಡಬೇಕೋ ಬೇಡವೋ ಅಂತ ಪ್ರತಿ ಡಿಸ್ಟ್ರಿಕ್ಟ್‌ನ ಬೋರ್ಡು ಸೆಪ್ಟೆಂಬರ್ 1ರಿಂದ ಆರು ತಿಂಗಳೊಳಗೆ ಮತ ಹಾಕಬೇಕು, ಯಾರು ಯಾವ ಕಡೆ ಅಂತ ದಾಖಲಾಗುವ ಮತ. ಇಟ್ಟರೆ, ಹೆತ್ತವರು ಸಹಿ ಮಾಡಿದ ಮಕ್ಕಳಿಗೆ ಮಾತ್ರ. ಪಾಠದ ಸಮಯ ತಿನ್ನುವಂತಿಲ್ಲ, ಧ್ವನಿವರ್ಧಕದಲ್ಲಿ ಓದುವಂತಿಲ್ಲ. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ: ಈ ನೀತಿಯ ಬಗ್ಗೆ ಮುಂದೆ ಕೇಸು ಹಾಕುವ ಹಕ್ಕನ್ನು ಬಿಟ್ಟುಕೊಡುತ್ತೇನೆ ಅನ್ನುವ ಸಾಲು ಅದರಲ್ಲಿರಬೇಕು ಅಂತ ಕಾನೂನೇ ಹೇಳುತ್ತದೆ. ಪ್ರವಾಸದ ಚೀಟಿಗೆ ಹಾಕುವ ಹಾಗೆ ಸಹಿ ಹಾಕಿ ಕಳಿಸಬೇಡಿ.

ಮಂಡ್ಯದ_ಮಾತು:

ಇದು ನಿಜವಾಗಲೂ ಗೊತ್ತಿರಲಿಲ್ಲ. ಬೋರ್ಡ್ ಮೀಟಿಂಗ್‌ನಲ್ಲಿ ನಾವು ಮಾತಾಡಬಹುದಾ?

ಕಟ್ಟೆ_ವಕೀಲ:

ಮಾತಾಡಬಹುದು, ಟೆಕ್ಸಸ್‌ನ ತೆರೆದ ಸಭೆಗಳ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಸಭೆಯ ವಿಷಯಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಆ ವಿಷಯ ಪಟ್ಟಿಯಲ್ಲಿದ್ದರೆ ಬೋರ್ಡು ಅದನ್ನು ಎತ್ತಿಕೊಳ್ಳುವ ಮುಂಚೆಯೋ ಎತ್ತಿಕೊಂಡಾಗಲೋ ಸಾರ್ವಜನಿಕರಿಗೆ ಮಾತಾಡಲು ಬಿಡಬೇಕು. ಸಮಯದ ಮಿತಿ ಹಾಕಬಹುದು. ದುಭಾಷಿ ಬೇಕಾದವರಿಗೆ ಕನಿಷ್ಠ ಅದರ ಎರಡರಷ್ಟು ಸಮಯ ಕೊಡಬೇಕು. ಅಜ್ಜಿ ತಾತ ಯಾರಾದರೂ ಕನ್ನಡದಲ್ಲೇ ಹೇಳಬೇಕು ಅಂದರೆ ಜೊತೆಗೆ ಒಬ್ಬರು ನಿಂತು ಇಂಗ್ಲಿಷಿಗೆ ತಿರುಗಿಸಲಿ.

ಅಡಿಕೆ_ತೋಟ:

ಪೋಸ್ಟರಿಗೆ ತಡೆಯಾಜ್ಞೆ ಇರುವ ಆ 11 ಡಿಸ್ಟ್ರಿಕ್ಟ್‌ಗಳಲ್ಲಿ ಫ್ರಿಸ್ಕೋ ಇದೆಯಾ?

ಕಟ್ಟೆ_ವಕೀಲ:

ಇಲ್ಲ. ಪೂರ್ತಿ ಪಟ್ಟಿ: ಅಲಾಮೊ ಹೈಟ್ಸ್, ನಾರ್ತ್ ಈಸ್ಟ್, ಲ್ಯಾಕ್‌ಲ್ಯಾಂಡ್, ನಾರ್ತ್‌ಸೈಡ್, ಆಸ್ಟಿನ್, ಲೇಕ್ ಟ್ರಾವಿಸ್, ಡ್ರಿಪ್ಪಿಂಗ್ ಸ್ಪ್ರಿಂಗ್ಸ್, ಹ್ಯೂಸ್ಟನ್, ಫೋರ್ಟ್ ಬೆಂಡ್, ಸೈಪ್ರೆಸ್-ಫೇರ್‌ಬ್ಯಾಂಕ್ಸ್, ಪ್ಲೇನೋ. ಬೇರೆ ಡಿಸ್ಟ್ರಿಕ್ಟ್‌ನವರು ಪೋಸ್ಟರಿನ ಫೋಟೋ ತೆಗೆದಿಡಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು. ಯಾವ ಕೋಣೆ, ಯಾವ ದಿನ, ಮಗು ದಿನಕ್ಕೆ ಎಷ್ಟು ಹೊತ್ತು ಅಲ್ಲಿ ಕೂರುತ್ತದೆ ಅಂತ ಬರೆದಿಡಿ. ಮುಂದೆ ಯಾವ ಕೇಸಿಗೆ ಸೇರಿದರೂ ವಕೀಲರು ಮೊದಲು ಕೇಳುವುದು ಅದನ್ನೇ.